ಅಂಚಿನ ಮೇಲಿನ ಹೆಸರು

ಇವತ್ತು ಅಮಾವಾಸ್ಯೆ. ಗೋಳಗುಮ್ಮಟದ ಹತ್ತಿರದ ನಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಹೆಂಡತಿ ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಳೆ. ಈ ಹುಳಿ ವಾಸನೆಗೆ ನಿಮಗೆ ಸಾರು ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮಣ್ಣನ ಶೌರ್ಯ ಪದಕ.

ಅಣ್ಣ ಫೌಜಿನಲ್ಲಿದ್ದ. ಗಡಿಯ ಗುಡ್ಡದ ಮೇಲೆ ಗುಂಡು ಹಾರುತ್ತಿದ್ದಾಗ ಗಾಯಗೊಂಡ ಜೊತೆಗಾರನೊಬ್ಬನನ್ನು ಹೆಗಲ ಮೇಲೆ ಹೊತ್ತು ಕೆಳಗೆ ತಂದ. ಇನ್ನೊಬ್ಬ ಮೇಲೆಯೇ ಉಳಿದಿದ್ದ. ಮತ್ತೆ ಹತ್ತಿದ, ಅವನನ್ನೂ ತಂದ. ಅವನನ್ನು ಇಳಿಸಿದ ಮೇಲೆಯೇ ಅಣ್ಣನ ಬೆನ್ನಿಗೆ ಗುಂಡು ಬಿದ್ದದ್ದು ಉಳಿದವರಿಗೆ ಗೊತ್ತಾದದ್ದು. ಆ ಇಬ್ಬರೂ ಬದುಕಿದ್ದಾರೆ. ಅಣ್ಣ ಉಳಿಯಲಿಲ್ಲ. ದಿಲ್ಲಿಗೆ ಹೋಗಿ ಪದಕ ತೆಗೆದುಕೊಂಡವರು ವೈನಿ, ಅಣ್ಣನ ಹೆಂಡತಿ.

ಬಿಜ್ಜರಗಿಯ ಮನೆಯಲ್ಲಿ ಅವರು ಅದನ್ನು ದೇವರ ಜಗಲಿಯ ಮೇಲಿಟ್ಟರು. ಪ್ರತಿ ಅಮಾವಾಸ್ಯೆಗೆ ಆರತಿ ತಟ್ಟೆ, ಗಂಟೆಗಳ ಜೊತೆ ಅದಕ್ಕೂ ಹುಣಸೆಹಣ್ಣು, ಬೂದಿ. ಒಮ್ಮೆ ಅದನ್ನು ಕಂಡು ಪದಕವನ್ನು ಅವರ ಕೈಯಿಂದ ತೆಗೆದುಕೊಂಡೆ.

"ವೈನಿ, ಇದನ್ನ ತಿಕ್ಕಬಾರದ್ರಿ."

"ದೇವರನ್ನ ತಿಕ್ಕತೇನಿ, ಇದನ್ನ ಯಾಕ ಬಿಡ್ಲಿ? ಅವರು ಬೂಟು ಹೆಂಗ ಮಿಂಚಸ್ತಿದ್ರು, ನೀ ನೋಡಿಲ್ಲೇನು?"

ನಾನು ಪದಕ ತಿರುಗಿಸಿ ಅಂಚು ತೋರಿಸಿದೆ. ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಣ್ಣನ ನಂಬರು, ಹೆಸರು. ನಂಬರು ಆಗಲೇ ಅರ್ಧ ಸವೆದಿತ್ತು. ಇನ್ನಷ್ಟು ಅಮಾವಾಸ್ಯೆ ಕಳೆದಿದ್ದರೆ ಹೆಸರೂ ಹೋಗುತ್ತಿತ್ತು.

"ಇಲ್ಲಿ ಅವರ ಹೆಸರು ಐತಿ?" ಎಂದರು ವೈನಿ. ಗಂಡನ ಹೆಸರನ್ನು ಎಂದೂ ಬಾಯಿಂದ ಆಡದವರು ಅದರ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತರು. ಅಂದಿನಿಂದ ಪದಕಕ್ಕೆ ಹಳೆಯ ಧೋತರದ ಮೆತ್ತನೆ ಅರಿವೆ ಮಾತ್ರ.

ನನ್ನ ಪಾಲಿಗೆ ಧೈರ್ಯ ಬರಲಿಲ್ಲ. ಟಗರು ತಲೆ ಎತ್ತಿದರೆ ಕಟ್ಟೆ ಏರುವ ಬ್ಯಾಂಕ್ ಗುಮಾಸ್ತ ನಾನು. ಚಿಕ್ಕವನಿದ್ದಾಗ ಟಿಕೋಟಾ ಸಂತೆ ಮುಗಿಸಿ, ಬಸ್ಸಿಳಿದು ತೋಟದ ಮನೆಗೆ ನಡೆಯುವಾಗ, "ಅಣ್ಣಾ, ಮುಳ್ಳು ಚುಚ್ಚೇತಿ" ಎಂದು ಕುಂಟಿದ್ದೆ. ಅಣ್ಣ ಒಂದು ಕೈಯಲ್ಲಿ ಸಂತೆಯ ಚೀಲ ಹಿಡಿದು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದ. ನನ್ನ ಕಾಲಿನಲ್ಲಿ ಮುಳ್ಳೇ ಇರಲಿಲ್ಲ. ಅದು ಸುಳ್ಳೆಂದು ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಬಬಲೇಶ್ವರದ ಸಾಲೆಯೊಂದಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ವೈನಿ ಮಕ್ಕಳಿಗೆ ಪದಕ ತೋರಿಸಿ, "ಮುಂದಿನ ಮಗ್ಗಲದ ಚಿತ್ರ ಎಲ್ಲಾರ ಪದಕಕ್ಕೂ ಒಂದ ಇರತೈತಿ. ಅಂಚು ನೋಡ್ರಿ, ಅಲ್ಲಿ ನಮ್ಮವರ ಹೆಸರೈತಿ. ಜೋರಾಗಿ ಓದ್ರಿ" ಎಂದರು. ಇಡೀ ಕೋಣೆ ಅಣ್ಣನ ಹೆಸರನ್ನು ಕೂಗಿತು. ವೈನಿ ತಲೆ ಎತ್ತಿ ನಿಂತಿದ್ದರು.

ಮರಳುವಾಗ ಬಸ್ಸಿನಲ್ಲಿ, ಏನನ್ನಿಸಿತೋ, ಮುಳ್ಳಿನ ಸುಳ್ಳನ್ನು ವೈನಿಯ ಮುಂದೆ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು.

"ಅವರಿಗೆ ಅವತ್ತ ಗೊತ್ತಾಗಿತ್ತು ತಮ್ಮಾ. 'ತಮ್ಮ ದಣದಿದ್ದ, ಹೊತ್ಕೊ ಅನ್ನಾಕ ನಾಚಿಕಿ, ಅದಕ್ಕ ಮುಳ್ಳು ಅಂದ' ಅಂತ ಹೇಳ್ತಿದ್ರು."

ಹಿತ್ತಿಲಲ್ಲಿ ತಂಬಿಗೆ ತೊಳೆಯುವ ಸದ್ದು ಕೇಳುತ್ತಿದೆ. ಅಣ್ಣ ಇಬ್ಬರನ್ನು ಹೊತ್ತು ತಂದ ಎಂದು ಇಷ್ಟು ವರ್ಷ ಕಂಡವರಿಗೆಲ್ಲ ಹೇಳುತ್ತಿದ್ದೆ. ಇನ್ನು ಮೇಲೆ ಮೂವರನ್ನು ಎನ್ನುತ್ತೇನೆ.