ಹಕಾರಕ್ಕೆ ಕಳೆದ ಅಂಕಗಳು

ನಾನು ಮೇಷ್ಟ್ರಾಗಿ ಮೊದಲು ಕೆಲಸಕ್ಕೆ ಸೇರಿದ್ದು ಸೋಸಲೆಗೆ ಸಮೀಪದ ಒಂದು ಊರಿನಲ್ಲಿ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ನನಗೆ ಆಗ ಇಪ್ಪತ್ತೆರಡು ವರ್ಷ. ಚಾವಡಿಯ ಪಕ್ಕದ ಒಂದೇ ಕೋಣೆ ಶಾಲೆ. ನಾಲ್ಕೂ ತರಗತಿಗೆ ನಾನೊಬ್ಬನೇ. ನಾಲ್ಕನೆಯ ತರಗತಿಯಲ್ಲಿದ್ದ ಒಂಬತ್ತು ಮಂದಿಯಲ್ಲಿ ಒಬ್ಬಳೇ ಹುಡುಗಿ, ಒಕ್ಕಲು ಮನೆಯವಳು. ಬಾಯಿಲೆಕ್ಕ ಕೇಳಿದರೆ ನಾನು ಪ್ರಶ್ನೆ ಮುಗಿಸುವ ಮೊದಲೇ ಅವಳ ಉತ್ತರ ಬರುತ್ತಿತ್ತು. ಪಾಸಾದರೆ ಅವಳನ್ನು ನರಸೀಪುರದ ಸೋದರತ್ತೆಯ ಮನೆಯಲ್ಲಿಟ್ಟು ಮುಂದೆ ಓದಿಸುತ್ತೇನೆಂದು ಅವಳ ಅಪ್ಪ ಒಪ್ಪಿಕೊಂಡಿದ್ದ. ಅವನಿಂದ ಅಷ್ಟು ಮಾತು ಪಡೆಯಲು ನಾನೇ ನಾಲ್ಕು ಸಲ ಅವರ ಹಟ್ಟಿಗೆ ಹೋಗಿದ್ದೆ.

ಅವಳಿಗಿದ್ದ ತೊಡಕು ಒಂದೇ, ಉಕ್ತಲೇಖನ. ನಾನು 'ಹಳ್ಳಿ' ಎಂದರೆ 'ಅಳ್ಳಿ' ಎಂದು ಬರೆಯುತ್ತಿದ್ದಳು. ಹೊಳೆ ಒಳೆಯಾಗುತ್ತಿತ್ತು, ಹಸು ಅಸುವಾಗುತ್ತಿತ್ತು. ಅವಳ ಮನೆಯಲ್ಲಿ, ಅವಳ ಕೇರಿಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಹಾಗೆಯೇ. ನಾನು ಗದರಿದ ಮೇಲೆ ಹೆದರಿ, ಬೇಡದ ಕಡೆಯೂ ಹಕಾರ ಸೇರಿಸತೊಡಗಿದಳು. ಒಂದು ದಿನ 'ಅಕ್ಕಿ ಮೂಟೆ' ಎನ್ನುವುದನ್ನು 'ಹಕ್ಕಿ ಮೂಟೆ' ಎಂದು ಬರೆದಿದ್ದಳು. ಅದನ್ನು ಇಡೀ ತರಗತಿಗೆ ಓದಿ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ತಲೆ ತಗ್ಗಿಸಿಕೊಂಡು ಸ್ಲೇಟನ್ನು ಲಂಗದ ಅಂಚಿನಲ್ಲಿ ಒರೆಸಿದಳು.

ವರ್ಷದ ಕೊನೆಗೆ ಪರೀಕ್ಷೆಯಾಯಿತು. ಉಕ್ತಲೇಖನಕ್ಕೆ ಇಪ್ಪತ್ತು ಅಂಕ, ಒಂದೊಂದು ತಪ್ಪಿಗೆ ಅರ್ಧ ಕಳೆಯಬೇಕು, ಪಾಸಾಗಲು ಏಳು ಬರಬೇಕು. ಒಂದು ವಿಷಯದಲ್ಲಿ ನಪಾಸಾದರೂ ಇಡೀ ಪರೀಕ್ಷೆ ನಪಾಸು. ಅವಳ ಕಾಗದದಲ್ಲಿ ಇಪ್ಪತ್ತೇಳು ತಪ್ಪು ಸಿಕ್ಕಿತು. ಮತ್ತೊಮ್ಮೆ ಎಣಿಸಿದೆ, ಅಷ್ಟೇ ಬಂತು. ಹೆಚ್ಚಿನವೆಲ್ಲ ಆ ಒಂದು ಅಕ್ಷರದ್ದೇ. ಕೆಂಪು ಶಾಯಿಯಲ್ಲಿ ಆರೂವರೆ ಎಂದು ಬರೆದೆ.

ಇನ್ಸ್‌ಪೆಕ್ಟರು ಬಂದು ನಾನು ತಿದ್ದಿದ ಕಾಗದಗಳನ್ನೆಲ್ಲ ನೋಡಿ ರುಜು ಹಾಕಬೇಕಿತ್ತು. ಅವರು ವಯಸ್ಸಾದ, ಮೆಲ್ಲಗೆ ಮಾತಾಡುವ ಮನುಷ್ಯ. ಅವಳ ಕಾಗದ ಕೈಗೆ ಬಂದಾಗ ರುಜು ಹಾಕುವುದನ್ನು ನಿಲ್ಲಿಸಿದರು.

"ಈ ಹುಡುಗಿಗೆ ಲೆಕ್ಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದೀರಿ."

"ಹೌದು ಸ್ವಾಮಿ."

"ಇಲ್ಲಿ ಅರ್ಧ ಅಂಕಕ್ಕೆ ಹೋಗಿದೆ. ಒಂದೇ ತಪ್ಪಿಗೆ ಎಷ್ಟು ಸಲ ಕಳೆದಿದ್ದೀರಿ ನೋಡಿ. ಇನ್ನೊಂದು ಸಲ ತಿದ್ದುತ್ತೀರಾ?"

ಅವರು ನನಗೆ ದಾರಿ ತೋರಿಸುತ್ತಿದ್ದರು. ನನಗೆ ಮಾತ್ರ ಅದು ನನ್ನ ಪ್ರಾಮಾಣಿಕತೆಯನ್ನೇ ಕೆಣಕಿದಂತೆ ಕಂಡಿತು.

"ನಿಯಮ ಎಲ್ಲರಿಗೂ ಒಂದೇ ಸ್ವಾಮಿ," ಎಂದೆ.

ಅವರು ಕಾಗದವನ್ನು ಹತ್ತಿರಕ್ಕೆಳೆದುಕೊಂಡು ರುಜು ಹಾಕಿದರು. ಆ ದಿನ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಬ್ರಾಹ್ಮಣರ ಬೀದಿಯಿಂದ ಬಂದ ಇಬ್ಬರು ಹುಡುಗರು ಅದೇ ಉಕ್ತಲೇಖನದಲ್ಲಿ ಹದಿನೆಂಟು, ಹತ್ತೊಂಬತ್ತು ತೆಗೆದಿದ್ದರು. ಅವರಿಗೆ ಹಕಾರವನ್ನು ಕಲಿಸಿದವರು ಅವರ ತಾಯಂದಿರು, ನಾನಲ್ಲ. ನನಗೂ ಅದು ಹಾಗೆಯೇ ಬಂದದ್ದು. ಇದೆಲ್ಲ ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಮಾರನೆಯ ಬೆಳಿಗ್ಗೆ ಅವಳ ಅಪ್ಪ ಶಾಲೆಯ ಬಾಗಿಲಿಗೆ ಬಂದ. ಅವನ ಹಿಂದೆ ಅವಳೂ ಇದ್ದಳು.

"ಏನಾತು ಮೇಷ್ಟ್ರೇ, ನಮ್ ಮಗೀದು?"

"ನಪಾಸಾಯಿತು. ಉಕ್ತಲೇಖನದಲ್ಲಿ."

"ಅಂಗಂದ್ರೇನು?"

"ನಾನು ಹೇಳಿದ್ದನ್ನ ಕೇಳಿಸಿಕೊಂಡು ಬರೆಯೋದು."

"ನೀವು ಏಳಿದ್ದು ಅವ್ಳಿಗೆ ಕೇಳಿಸ್ನಿಲ್ವಾ?"

"ಕೇಳಿಸಿತು. ಬರೆಯುವಾಗ ತಪ್ಪಾಯಿತು."

ಅವನು, "ಓಗ್ಲಿ ಬುಡಿ. ಎಣ್ಮಗೀಗೆ ಇಷ್ಟಾದ್ರೂ ಬಂತಲ್ಲ," ಎಂದ.

ಆಗ ಅವಳು ಅಪ್ಪನ ಬೆನ್ನ ಹಿಂದಿನಿಂದ ಕೇಳಿದಳು. "ಲೆಕ್ಕ ಎಷ್ಟು ಬಂತು ಮೇಷ್ಟ್ರೇ?"

"ಇಪ್ಪತ್ತಕ್ಕೆ ಇಪ್ಪತ್ತು."

"ನೋಡಪ್ಪಾ," ಎಂದಳು.

ಅಪ್ಪನಿಗೆ ಅದರಿಂದ ಏನೂ ತಿಳಿಯಲಿಲ್ಲ. ಇನ್ನೊಂದು ವರ್ಷ ಕಳಿಸಪ್ಪ, ಖಂಡಿತ ಪಾಸಾಗುತ್ತಾಳೆ ಎಂದು ನಾನು ಹೇಳಬಹುದಾಗಿತ್ತು. ಹೇಳಿದ್ದರೆ ಕೇಳುತ್ತಿದ್ದನೋ ಏನೋ. ನಾನು ಹೇಳಲಿಲ್ಲ. ಅವನು ನನಗೆ ಕೈಮುಗಿದು, ಮಗಳನ್ನು ಕರೆದುಕೊಂಡು ಗದ್ದೆಯ ಕಡೆ ಹೋದ. ಅವಳು ಮತ್ತೆ ಶಾಲೆಗೆ ಬರಲಿಲ್ಲ. ಎರಡು ವರ್ಷದೊಳಗೆ ನಂಜನಗೂಡಿನ ಬಳಿಯ ಚಿಕ್ಕಯ್ಯನಛತ್ರದ ಕಡೆಗೆ ಮದುವೆ ಮಾಡಿಕೊಟ್ಟರೆಂದು ಕೇಳಿದೆ.

ಆಮೇಲೆ ನನಗೆ ನಂಜನಗೂಡಿಗೆ ವರ್ಗವಾಯಿತು. ಅಲ್ಲಿಯೂ ದೇವನೂರಿನ ಕಡೆಯ ಮಕ್ಕಳು 'ಅಳ್ಳಿ', 'ಒಲ' ಎಂದೇ ಬರೆಯುತ್ತಿದ್ದರು. ಒಂದೇ ಬಗೆಯ ತಪ್ಪು ಎಷ್ಟು ಸಲ ಬಂದರೂ ಒಂದು ಸಲ ಮಾತ್ರ ಅಂಕ ಕಳೆಯುವುದನ್ನು ನಾನು ರೂಢಿ ಮಾಡಿಕೊಂಡೆ. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದೂ ಉಂಟು.

ಹತ್ತು ಹನ್ನೆರಡು ವರ್ಷ ಕಳೆದಿರಬೇಕು, ನಂಜನಗೂಡಿನ ಸಂತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿ ತಲೆಯ ಮೇಲಿನ ಕುಕ್ಕೆ ಇಳಿಸಿದಳು. ಸೊಂಟದಲ್ಲಿ ಒಂದು ಮಗು. ಕಣ್ಣು ನೋಡಿ ಗುರುತು ಹಿಡಿದೆ.

"ಚೆಂದಾಗಿದ್ದೀರಾ ಮೇಷ್ಟ್ರೇ? ಇವ್ರೇ ಕಣೇ ನಂಗೆ ಲೆಕ್ಕ ಕಲ್ಸಿದ ಮೇಷ್ಟ್ರು," ಎಂದು ಮಗುವಿಗೆ ತೋರಿಸಿದಳು.

ನನಗೆ ತಡೆಯಲಾಗಲಿಲ್ಲ. "ಅವತ್ತು ನಿನ್ನನ್ನ ನಪಾಸು ಮಾಡಬಾರದಾಗಿತ್ತು ಕಣಮ್ಮ. ತಪ್ಪು ನನ್ನದು," ಎಂದೆ.

ಅವಳು ಗಾಬರಿಯಾದಳು. "ಬುಡ್ತು ಅನ್ನಿ. ನಾನೇ ಸರ್ಯಾಗಿ ಓದ್ನಿಲ್ಲ. ನನ್ ತಲೆಗೆ ಅಷ್ಟೇ ಅತ್ತಿದ್ದು."

"ಇಲ್ಲ, ನೀನು ಓದಿದ್ದೆ. ನಿನ್ನಷ್ಟು ಚುರುಕಾದವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ."

ದೊಡ್ಡವರು ಏನೋ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂಬಂತೆ ಅವಳು ನಕ್ಕಳು. ನಾನು ಕೆಂಪು ಶಾಯಿಯಲ್ಲಿ ಬರೆದದ್ದನ್ನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದವಳಿಗೆ ನನ್ನ ಬಾಯಿಮಾತು ನಂಬಿಕೆಯಾಗಲಿಲ್ಲ. ಜೊತೆಯವರು ಕೂಗಿದರು. ಅವಳು ಕುಕ್ಕೆ ಎತ್ತಿಕೊಂಡು, "ಬತ್ತೀನಿ ಮೇಷ್ಟ್ರೇ," ಎಂದು ಜನರ ನಡುವೆ ಹೊರಟುಹೋದಳು.