ಬಂದ್ ಐತೆ, ಬಂದೈತೆ

ಕಳೆದ ವರ್ಷ, ಡಿಪ್ಲೊಮಾದ ಕೊನೆಯ ಸೆಮಿಸ್ಟರ್‌ನಲ್ಲಿ, ನಾನು ಇಂಟರ್ನ್‌ಶಿಪ್‌ಗೆ ಸೇರಿದ್ದು ಮಧುಗಿರಿಯ ಒಬ್ಬ ಸಣ್ಣ ಎಲೆಕ್ಟ್ರಿಕಲ್ ಗುತ್ತಿಗೆದಾರರ ಬಳಿ. ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಮೋಟರು ನಿಂತರೂ ಅವರ ವ್ಯಾನು ಹೊರಡುತ್ತಿತ್ತು. ನನ್ನೂರು ಪುರವರ. ಕಾಲೇಜು ಸೇರುವ ಮೊದಲೇ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಬೀದಿಯವರ ಮಿಕ್ಸಿ, ಫ್ಯಾನು, ಸ್ಟಾರ್ಟರ್ ಎಲ್ಲವನ್ನೂ ಬಿಚ್ಚಿ ಜೋಡಿಸಿ ಕಲಿತವನು ನಾನು. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು ನಿಜ, ಆದರೆ ಫ್ಯಾನು ತಿರುಗುತ್ತಿತ್ತು. ಹಾಗಾಗಿ ಮೊದಲ ದಿನವೇ ಕೈಗೆ ಸ್ಕ್ರೂಡ್ರೈವರ್ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ವಾಕಿಟಾಕಿ.

ಆ ವಾರ ಕೆಲಸ ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯ ಒಂದು ಸೋಲಾರ್ ಪ್ಲಾಂಟಿನಲ್ಲಿತ್ತು. ಫಲಕಗಳ ಮೇಲೆ ಕೂರುವ ದೂಳು ತೊಳೆಯಲು ಅಲ್ಲೊಂದು ಬೋರ್‌ವೆಲ್ ಪಂಪು ಇದೆ. ಅದರ ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಕರೆಂಟನ್ನು ಸೇರಿಸಿ ಬಿಡಿಸುವ ಭಾಗ, ಸುಟ್ಟುಹೋಗಿತ್ತು. ಪಂಪಿನ ಪೆಟ್ಟಿಗೆ ಫಲಕಗಳ ಸಾಲಿನ ಒಂದು ಕೊನೆಯಲ್ಲಿ, ಅದರ ಮೇನ್ ಸ್ವಿಚ್ಚು ಇನ್ನೊಂದು ಕೊನೆಯ ಕಂಟ್ರೋಲ್ ರೂಮಿನಲ್ಲಿ. ನಡುವೆ ಒಂದು ದಿಬ್ಬ. ಮೊಬೈಲ್ ಸಿಗ್ನಲ್ ಇಲ್ಲ, ವಾಕಿಟಾಕಿಯೂ ದಿಬ್ಬ ದಾಟುತ್ತಿರಲಿಲ್ಲ. ಆದ್ದರಿಂದ ದಿಬ್ಬದ ಮೇಲೆ ಒಬ್ಬ ನಿಂತು ಆಚೆಯ ಮಾತನ್ನು ಈಚೆಗೆ ಹೇಳಬೇಕಿತ್ತು. ಆ ಒಬ್ಬ ನಾನು.

ಕಂಟ್ರೋಲ್ ರೂಮಿಗೆ ಹೊರಟವರು ನಮ್ಮ ಸೂಪರ್‌ವೈಸರ್ ಸಲೀಂ ಭಾಯ್, ಶಿರಾದವರು. ಪಂಪಿನ ಹತ್ತಿರ ಕೂತವರು ವೈ.ಎನ್.ಹೊಸಕೋಟೆಯ ಟೆಕ್ನಿಷಿಯನ್ ಅಶ್ವತ್ಥಣ್ಣ. ಅವರ ಕನ್ನಡ ಮಾತು ಮಾತಿಗೂ ತೆಲುಗಿಗೆ ಜಾರುತ್ತದೆ.

"ಏನ್ಲಾ ವಿಡಿಯೊ ಇಂಜಿನಿಯರ್ರೇ, ಬರೀ ಮಾತು ದಾಟ್ಸೋಕೆ ಇಷ್ಟು ಓದಬೇಕಿತ್ತಾ?" ಅಂದರು ಅಶ್ವತ್ಥಣ್ಣ.

"ಕಾಲೇಜಲ್ಲಿ ಅದಕ್ಕೂ ಒಂದು ಸಬ್ಜೆಕ್ಟ್ ಐತಣ್ಣ, ಕಮ್ಯುನಿಕೇಶನ್ ಸ್ಕಿಲ್ಸ್ ಅಂತ."

"ಅಂಗಾದ್ರೆ ಪಾಸಾಗಿದೀಯ ತಾನೇ? ನನ್ನ ಕೈ ನಿನ್ನ ಬಾಯಲ್ಲೈತೆ ನೋಡು."

ಪಾಸಾಗಿದ್ದೆ, ಒಳ್ಳೆಯ ಮಾರ್ಕ್ಸೇ ಬಂದಿತ್ತು. ಸಂದೇಶವನ್ನು ದಾಟಿಸುವವನು ಏನನ್ನೂ ಸೇರಿಸಬಾರದು, ಬಿಡಬಾರದು, ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಬೇಕು. ನಾನು ಓದಿದ್ದು ಇದು. ದಿಬ್ಬದ ಮೇಲೆ ಮಾಡಿದ್ದೂ ಇದನ್ನೇ.

ಬೆಳಗ್ಗೆಯಿಂದ ಪಂಪಿನ ಲೈನಿನಲ್ಲಿ ಕರೆಂಟ್ ಇರಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಫಲಕಗಳು ಕರೆಂಟ್ ತಯಾರಿಸುತ್ತಿದ್ದರೂ ಪಂಪಿಗೆ ಬರುವ ಲೈನು ಮಾತ್ರ ಹೊರಗಿನದು. ಕರೆಂಟ್ ಇಲ್ಲದಿದ್ದರೂ ಮೇನ್ ಸ್ವಿಚ್ ಇಳಿಸದೆ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ, ಅದು ನಿಯಮ. ಅಶ್ವತ್ಥಣ್ಣ ಪೆಟ್ಟಿಗೆಯ ಬಾಗಿಲು ತೆರೆದು, ಸ್ವಿಚ್ ಇಳಿಸಿದ ಸುದ್ದಿಗಾಗಿ ಕಾಯುತ್ತಿದ್ದರು. ಅವರ ಜೇಬಿನಲ್ಲಿ ಟೆಸ್ಟರ್ ಇತ್ತು. ಆದರೆ ಆ ಬಿಸಿಲಿನಲ್ಲಿ ಟೆಸ್ಟರ್ ಒಳಗಿನ ಪುಟ್ಟ ದೀಪ ಉರಿದರೂ ಕಾಣುವುದಿಲ್ಲ.

ಸಲೀಂ ಭಾಯ್ ಕಂಟ್ರೋಲ್ ರೂಮಿನ ಬಾಗಿಲು ತೆಗೆಯುವುದಕ್ಕೂ ಹೊರಗಿನ ಕರೆಂಟ್ ಬರುವುದಕ್ಕೂ ಸರಿಹೋಯಿತು. ಬೋರ್ಡಿನ ದೀಪಗಳು ಹತ್ತಿದ್ದನ್ನು ನೋಡಿ ಅವರು ವಾಕಿಟಾಕಿಯಲ್ಲಿ ಕೂಗಿದರು: "ಮಂಜಾ, ಲೈನ್ ಬಂದೈತೆ. ಅಶ್ವತ್ಥಂಗೆ ಹೇಳ್ಬುಡು ಬೇಟಾ."

ಕರೆಂಟ್ ಬಂದಿದೆ, ಇನ್ನೂ ಸ್ವಿಚ್ ಇಳಿಸಿಲ್ಲ, ತಡೆಯಲಿ ಎಂಬುದು ಅವರ ಅರ್ಥ. ನನಗೂ ಹಾಗೆಯೇ ಅರ್ಥವಾಯಿತು. ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಈ ಕಡೆ ತಿರುಗಿ ಹೇಳಿದೆ: "ಅಶ್ವತ್ಥಣ್ಣ, ಲೈನ್ ಬಂದೈತೆ."

ಗಾಳಿ ಜೋರಾಗಿತ್ತು. ಅತ್ತಲಿಂದ ಉತ್ತರ ಬಂತು: "ಸರೇ ಅಬ್ಬಾಯಿ. ಪೋಯಿಂದಿ ಕದಾ, ಕೈ ಹಾಕ್ತೀನಿ."

ನನಗೆ ತೆಲುಗು ಬರುವುದಿಲ್ಲ. ಆದರೆ ಪಾವಗಡದ ಬಸ್ಸುಗಳಲ್ಲಿ ಓಡಾಡಿದವರಿಗೆ ಎರಡು ಮಾತು ತಾನಾಗಿಯೇ ಬರುತ್ತದೆ. ಬಸ್ ಬಂದರೆ ವಚ್ಚಿಂದಿ, ಹೋದರೆ ಪೋಯಿಂದಿ. ನಾನು ಬಂದಿದೆ ಎಂದಿದ್ದೆ, ಅವರು ಹೋಯಿತಲ್ಲ ಎನ್ನುತ್ತಿದ್ದರು.

"ಬ್ಯಾಡ! ಮುಟ್ಟಬ್ಯಾಡಣ್ಣಾ! ಕರೆಂಟೈತೆ!"

ವಾಕಿಟಾಕಿಯಲ್ಲಿ ಬರೀ ಗಾಳಿಯ ಸದ್ದು. ದಿಬ್ಬದಿಂದ ಅವರ ನೀಲಿ ಶರ್ಟು ಕಾಣುತ್ತಿತ್ತು, ಕೈ ಎಲ್ಲಿದೆ ಎಂಬುದು ಕಾಣುತ್ತಿರಲಿಲ್ಲ. ಕೊನೆಗೆ ದನಿ ಬಂತು.

"ಏನ್ಲೇ ನಿಂದು? ಈಗ್ತಾನೆ ಬಂದ್ ಐತೆ ಅಂದೆ. ಈಗ ಕರೆಂಟೈತೆ ಅಂತೀಯ. ತಮಾಷೆ ಮಾಡ್ತಿದೀಯಾ?"

"ಬಂದ್ ಅಲ್ಲಣ್ಣ, ಬಂದೈತೆ! ವಚ್ಚಿಂದಿ!"

ನೀಲಿ ಶರ್ಟು ಎದ್ದು ನಿಂತಿತು, ಪಕ್ಕದಲ್ಲಿ ನಿಲ್ಲಿಸಿದ್ದ ತಮ್ಮ ಬೈಕಿನ ಕಡೆ ಹೋಗಿ ವಾಪಸ್ ಬಂತು. ಅವರು ತಂದದ್ದು ಟೆಸ್ಟ್ ಲ್ಯಾಂಪ್, ಅಂದರೆ ಹೋಲ್ಡರಿಗೆ ಎರಡು ವೈರು ಕಟ್ಟಿದ ಸಾದಾ ಬಲ್ಬು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದರು: "ಉರೀತಾ ಐತೆ ಕಣ್ಲಾ."

ಮಧ್ಯಾಹ್ನ ಫಲಕಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಪಂಚಾಯಿತಿ ಶುರುವಾಯಿತು. ಸಲೀಂ ಭಾಯ್ ಆಡಿದ್ದು ಸರಿ, ನಾನು ದಾಟಿಸಿದ್ದು ಸರಿ, ಅಶ್ವತ್ಥಣ್ಣನ ಕಿವಿಗೆ ಬಿದ್ದದ್ದೂ ಸರಿ. ಆದರೂ ಒಬ್ಬರ ಜೀವ ಹೋಗುವುದರಲ್ಲಿತ್ತು.

"ನೀನು ದಿನಾ ಸ್ವಿಚ್ ಇಳಿಸಿದ್ರೆ ಬಂದ್ ಅಂತೀಯಲ್ಲ ಭಾಯ್. ಬಂದ್ ಐತೆ, ಬಂದೈತೆ. ಹೆಂಗೆ ಗೊತ್ತಾಗ್ಬೇಕು?"

"ಅರೆ, ನಾನು ಬರಾಬರ್ ಹೇಳ್ದೆ. ನಿನ್ನ ಕಿವೀಲಿ ಕಡ್ಲೆಕಾಯಿ ಬೆಳ್ದೈತೆ. ನಿಮ್ ಹೊಸಕೋಟೇಲಿ ಬಿತ್ತಾಕೆ ಹೊಲ ಸಾಲ್ದೇನೋ?"

ಆನ್, ಆಫ್ ಅನ್ನೋಣ ಎಂದೆ ನಾನು. ಗಾಳಿಯಲ್ಲಿ ಎರಡೂ ಬರೀ 'ಆ' ಅಂತ ಕೇಳುತ್ತದೆ ಎಂದರು ಸಲೀಂ ಭಾಯ್. ಹಾಗಾದರೆ ಲೈನ್ ಸತ್ತೈತೆ ಅನ್ನೋಣ, ಇಂಗ್ಲಿಷಿನಲ್ಲೂ 'ಡೆಡ್' ಅನ್ನುತ್ತಾರೆ ಎಂದೆ.

ಅಶ್ವತ್ಥಣ್ಣ ಮುದ್ದೆಯ ತುತ್ತನ್ನು ಹಾಗೇ ಹಿಡಿದರು. "ಲೇ, ನಾನು ಪೆಟ್ಟಿಗೆ ಮುಂದೆ ಕೂತಿರ್ತೀನಿ, ನೀನು ದಿಬ್ಬದ ಮ್ಯಾಲೆ ನಿಂತು ಸತ್ತೈತೆ ಅಂತ ಕೂಗು. ನಮ್ಮೋಳ ಕಿವಿಗೆ ಬಿದ್ರೆ ನಿನ್ನ ಸುಮ್ನೆ ಬುಡ್ತಾಳಾ?"

ಎಲ್ಲರೂ ನಕ್ಕೆವು. ಆಮೇಲೆ ಅವರು ತಮ್ಮ ಬಲಗೈಯನ್ನೇ ಸ್ವಲ್ಪ ಹೊತ್ತು ನೋಡಿದರು.

ದಾರಿ ಹೇಳಿದವರು ಸಲೀಂ ಭಾಯ್. "ಲೈನ್ ಬಂತು, ಹೋಯ್ತು ಅನ್ನೋದೇ ಬ್ಯಾಡ. ಸ್ವಿಚ್ ಇಳಿಸ್ತೀನಿ, ಬೀಗ ಜಡೀತೀನಿ. 'ಕೀ ನನ್ನ ಜೇಬಲ್ಲೈತೆ' ಅಂತೀನಿ. ಅಷ್ಟು ಕೇಳೋ ತನಕ ನೀನು ಕೈ ಹಾಕ್ಬ್ಯಾಡ."

ಮಧ್ಯಾಹ್ನದ ಮೇಲೆ ಕೆಲಸ ಹಾಗೇ ನಡೆಯಿತು. ಕೀ ಜೇಬಿನಲ್ಲಿದೆ ಎಂಬ ಮಾತು ದಿಬ್ಬ ದಾಟಿತು. ನಾನು ಇನ್ನೊಂದು ಸೇರಿಸಿದೆ: "ನಿಮಗೇನು ತಿಳೀತು, ನಿಮ್ಮ ಮಾತಲ್ಲಿ ಹೇಳಣ್ಣ."

"ತಾಳಂಚೆವಿ ಭಾಯ್ ಜೇಬುಲೋ ಉಂದಿ. ಸಾಕಾ ಮೇಷ್ಟ್ರೇ?"

ಬೀಗದ ಕೀ ಭಾಯ್ ಜೇಬಿನಲ್ಲಿದೆ ಎಂದದ್ದು ನನಗೂ ತಿಳಿಯಿತು, ಅಷ್ಟು ಸಾಕಾಗಿತ್ತು. ಸಂಜೆಯ ಹೊತ್ತಿಗೆ ಪಂಪು ನೀರೆತ್ತಿತು.

ಆ ದಿನದ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಿಸಿದರೆ ಸಂದೇಶ ಮುಟ್ಟಿದಂತೆ ಎಂದು ನಾವು ಓದಿರುತ್ತೇವೆ. ಅಂದು ಅಶ್ವತ್ಥಣ್ಣ ಹಾಗೆ ಮಾಡಿದ್ದರೆ, "ಸರಿ, ಬಂದೈತೆ" ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿದ್ದರೆ, ನಾನು ತೃಪ್ತಿಯಿಂದ ತಲೆಯಾಡಿಸಿರುತ್ತಿದ್ದೆ. ಅವರು ತಮ್ಮ ತೆಲುಗಿನಲ್ಲಿ ಉತ್ತರ ಕೊಟ್ಟದ್ದರಿಂದ ತಪ್ಪು ಗೊತ್ತಾಯಿತು. ನಾವು ಹೇಳಿದ್ದು ಎದುರಿನವರ ತಲೆಯಲ್ಲಿ ಏನಾಗಿ ಕೂತಿದೆ ಎಂಬುದು ಅವರದೇ ಮಾತಿನಲ್ಲಿ ಹೊರಗೆ ಬಂದಾಗ ಮಾತ್ರ ಕಾಣುತ್ತದೆ. ಈಗ ಮೇಲ್ ಬರೆದರೂ, ಫೋನಿನಲ್ಲಿ ಗ್ರಾಹಕರ ಹತ್ತಿರ ಮಾತಾಡಿದರೂ, "ಅರ್ಥ ಆಯ್ತಾ?" ಎಂದು ನಾನು ಕೇಳುವುದಿಲ್ಲ. "ಈಗ ನೀವೇನು ಮಾಡ್ತೀರಿ, ಹೇಳಿ" ಎಂದು ಕೇಳುತ್ತೇನೆ.

ಇಂಟರ್ನ್‌ಶಿಪ್ ಮುಗಿಸಿ ಹೊರಟ ದಿನ ಪಾವಗಡದ ಸ್ಟ್ಯಾಂಡಿನಲ್ಲಿದ್ದಾಗ ಅಶ್ವತ್ಥಣ್ಣನ ಫೋನು ಬಂತು.

"ಎಲ್ಲಿದೀಯಲೇ? ಬಸ್ ಸಿಕ್ತಾ?"

"ಬಸ್ ಬಂದೈತಣ್ಣ."

ಅಶ್ವತ್ಥಣ್ಣ ಬಿಡಲಿಲ್ಲ.

"ಅಂಗಂದ್ರೆ ಹತ್ತಿದೀಯೋ, ಇಲ್ಲ ಬಸ್ಸೇ ಬಂದ್ ಅಂತ ನಮ್ಮನೆಗೆ ಊಟಕ್ಕೆ ಬರ್ತೀಯೋ?"

"ಕಿಟಕಿ ಪಕ್ಕ ಕೂತಿದೀನಣ್ಣ," ಅಂದೆ. "ಟಿಕೆಟ್ ನನ್ನ ಜೇಬಲ್ಲೈತೆ."