ಕಂಟ್ರೋಲ್ ಎಸ್ ಒತ್ತುವ ಎಡಗೈ

ಗಾಣಗಾಪುರದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುವ ಕೆಲಸ ನನ್ನದು. ನಮ್ಮ ಕಂಪ್ಯೂಟರಿಗೆ ಮೌಸ್ ಇಲ್ಲ, ಚಿತ್ರಗಿತ್ರ ಇಲ್ಲ. ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ. ಖೋಲಿಯ ನಂಬರು, ಯಾತ್ರಿಕರ ಊರು, ಹೆಸರು ಎಲ್ಲವನ್ನೂ ಒಂದೇ ಸಾಲಿನ ಆಜ್ಞೆಯಾಗಿ ಬರೆದು ಎಂಟರ್ ಒತ್ತಿದರೆ ಖೋಲಿ ಅವರದಾಯಿತು. ನೋಡಿದವರು ಮೂಗು ಮುರಿಯುತ್ತಾರೆ. ಮುರಿಯಲಿ. ಮೇಲಿನ ಬಾಣ ಒತ್ತಿದರೆ ಹಿಂದಿನ ಸಾಲು ತಾನೇ ಬರುತ್ತದೆ. ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಕೊನೆಯ ಪದ ಅಳಿಯುತ್ತದೆ, ಕಂಟ್ರೋಲ್ ಎ ಒತ್ತಿದರೆ ಸಾಲಿನ ತಲೆಗೆ ಹಾರಬಹುದು. ಒಂದೇ ಊರಿನವರು ಜೀಪು ತುಂಬಿಕೊಂಡು ಬಂದಾಗ ನನ್ನ ಕೈ ನೋಡಬೇಕು ನೀವು. ಅವರು ಚಪ್ಪಲಿ ಬಿಡುವಷ್ಟರಲ್ಲಿ ಕೀಲಿ ಕೊಟ್ಟಿರುತ್ತೇನೆ.

ಒಂದೇ ಒಂದು ಪೀಡೆ ಇತ್ತು. ಕರೆಂಟು ಹೋದಾಗಲೆಲ್ಲ ಪರದೆ ಕಲ್ಲಾಗಿಬಿಡುತ್ತಿತ್ತು. ಇನ್ವರ್ಟರ್ ಇದ್ದದ್ದರಿಂದ ಕಂಪ್ಯೂಟರ್ ಆರುತ್ತಿರಲಿಲ್ಲ, ಆದರೆ ಏನು ಒತ್ತಿದರೂ ಅಕ್ಷರ ಮೂಡುತ್ತಿರಲಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಆಗಷ್ಟೇ ಬರೆದದ್ದು ಮಾಯ. ಹೀಗೇ ಒಮ್ಮೆ ಒಂದೇ ಖೋಲಿಯನ್ನು ಎರಡು ಸಂಸಾರಗಳಿಗೆ ಕೊಟ್ಟು ರಂಪವಾಯಿತು. ಮಾಲೀಕರು ಕಡ್ಡಿ ಮುರಿದಂತೆ ಹೇಳಿದರು.

"ಹುಣ್ಣಿಮಿ ದಿನ ಮತ್ತ ಹಿಂಗಾತಂದ್ರ ಮುಗೀತು ನೋಡವ್ವ. ಅಫಜಲಪುರದಾಗ ನಮ್ಮ ತಂಗಿ ಮಗ ಅದಾನ. ಹೊಸಾ ಮಷೀನ್ ತಗೊಂಡು ಬರ್ತಾನ, ಅವನೇ ಕುಂಡರ್ತಾನ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅದನ್ನು ನುಂಗಿಕೊಂಡು ಮುಂದಿನ ಯಾತ್ರಿಕರ ಹೆಸರು ಬರೆಯತೊಡಗಿದೆ. ಆ ಕುರ್ಚಿ ನನಗೆ ಬೇಕಿತ್ತು. ನಾನೇ ದುಡಿದು ಗಳಿಸಿದ ಜಾಗ ಅದೊಂದೇ.

ಹುಣ್ಣಿಮೆ ಬಂತು. ಬೆಳಿಗ್ಗೆಯೇ ಕೌಂಟರಿನ ಮುಂದೆ ಜನವೋ ಜನ. ಭೀಮೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದವರು ಖೋಲಿ ಖೋಲಿ ಎಂದು ಜೀವ ತಿನ್ನುತ್ತಿದ್ದರು. ಯಾವುದಕ್ಕೂ ಇರಲಿ ಎಂದು ಮಾಲೀಕರು ಕರೆಸಿದ್ದರಿಂದ ಅವರ ತಂಗಿಯ ಮಗ ಆಗಲೇ ಮಷೀನು ಕಟ್ಟಿಕೊಂಡು ಅಫಜಲಪುರದಿಂದ ಹೊರಟಿದ್ದ. ನಾನು ತಲೆ ಎತ್ತದೆ ಬರೆಯುತ್ತಿದ್ದೆ. ಬಲ್ಬು ಕಣ್ಣು ಮಿಟುಕಿಸಿತು, ಫ್ಯಾನು ಸೊರಗಿತು. ಪರದೆ ನಿಂತಿತು.

ಹಟಕ್ಕೆ ಬಿದ್ದು ಕಾಣದಿದ್ದರೂ ಮುಂದಿನವರ ಸಾಲುಗಳನ್ನು ಬರೆದೇ ಬರೆದೆ. ಮಾಲೀಕರ ಕೈ ಸ್ವಿಚ್ಚಿನ ಕಡೆ ಹೋಯಿತು.

"ಮುಟ್ಟಬ್ಯಾಡ್ರಿ" ಎಂದೆ. "ವಿಚಾರ ಮಾಡಾಕತ್ತೇನಿ."

ಬಲ್ಬು ಮಿಟುಕಿದ ಕ್ಷಣದಲ್ಲಿ ಎಡಗೈ ಬಳೆ ಕೀಬೋರ್ಡಿನ ಎಡ ಅಂಚಿಗೆ ಬಡಿದು ಕಿಣ್ ಎಂದದ್ದು ನನ್ನ ಕಿವಿಯಲ್ಲೇ ಇತ್ತು. ಹಬ್ಬದ ದಿನವೆಂದು ಗಾಜಿನ ಬಳೆ ತೊಟ್ಟಿದ್ದೆ. ಆ ಹೊತ್ತಿನಲ್ಲಿ ಎಡಗೈಗೆ ಅಲ್ಲೇನು ಕೆಲಸ? ಬಳೆ ಮತ್ತೆ ಅದೇ ಜಾಗಕ್ಕೆ ತಾಗುವಂತೆ ಕೈ ಇಟ್ಟು ಬಗ್ಗಿ ನೋಡಿದೆ. ಕಿರುಬೆರಳು ಕಂಟ್ರೋಲಿನ ಮೇಲೆ, ಉಂಗುರದ ಬೆರಳು ಎಸ್ ಮೇಲೆ.

ಇಲ್ಲಿಗೆ ಬರುವ ಮೊದಲು ಆಳಂದದ ಟೈಪಿಂಗ್ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಬೆರಳಚ್ಚು ಮಾಡುತ್ತಿದ್ದೆ. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಬಡಿದದ್ದೆಲ್ಲ ನೀರುಪಾಲು. ಹಾಗಾಗಿ ಬೆಳಕು ಸ್ವಲ್ಪ ಅಲುಗಿದರೂ ಸಾಕು, ಅಂಗಡಿಯವರೆಲ್ಲ ಕಂಟ್ರೋಲ್ ಎಸ್ ಒತ್ತಿ ಬರೆದದ್ದನ್ನು ಉಳಿಸಿಕೊಳ್ಳುತ್ತಿದ್ದೆವು. ಅಂಗಡಿ ಬಿಟ್ಟರೂ ಕೈ ಆ ಚಾಳಿ ಬಿಟ್ಟಿರಲಿಲ್ಲ. ಹಾಗಾದರೆ ಪರದೆ ನಿಲ್ಲಿಸುತ್ತಿದ್ದದ್ದು ಕರೆಂಟಲ್ಲ, ನನ್ನ ಬೆರಳು.

ಮೊಬೈಲಿನಲ್ಲಿ ಹುಡುಕಿದೆ. ಉತ್ತರ ಮೊದಲ ಸಾಲಿನಲ್ಲೇ ಇತ್ತು: ಕರಿ ಪರದೆಯಲ್ಲಿ ಕಂಟ್ರೋಲ್ ಎಸ್ ಎಂದರೆ ನಿಲ್ಲು, ಕಂಟ್ರೋಲ್ ಕ್ಯೂ ಎಂದರೆ ಮುಂದೆ ನಡೆ.

ಕಂಟ್ರೋಲ್ ಕ್ಯೂ ಒತ್ತಿದೆ. ಕಣ್ಣು ಮುಚ್ಚಿ ಬರೆದಿದ್ದ ಸಾಲುಗಳೆಲ್ಲ ಸರಸರನೆ ಮೇಲಿನಿಂದ ಕೆಳಕ್ಕೆ ಇಳಿದವು. ಖೋಲಿ, ಊರು, ಹೆಸರು, ಒಂದಕ್ಷರ ಆಚೀಚೆ ಇಲ್ಲ. ಎದೆ ತುಂಬಿ ಬಂತು. ಕೂಗಿ ಕುಣಿಯಬೇಕೆನಿಸಿತು. ಬದಲಿಗೆ ಕೀಲಿಗಳನ್ನು ತೆಗೆದು ಒಬ್ಬೊಬ್ಬರನ್ನೇ ಕರೆದೆ. "ಬರ್ರಿ, ಜೇವರ್ಗಿಯವರು ಮೊದಲು ಬರ್ರಿ."

ಮಾಲೀಕರು ಪರದೆ ನೋಡಿದರು, ನನ್ನನ್ನು ನೋಡಿದರು. "ಏನ್ ಮಾಡಿದ್ಯವ್ವ?"

"ಸುಮ್ಮ ನಿಂತಿತ್ರಿ, ನಡಿ ಅಂದೆ."

ಕರೆಂಟು ಮರಳಿ ಬಂದಾಗ ಬಲ್ಬು ಮತ್ತೆ ಮಿಟುಕಿತು, ಕೈ ಮತ್ತೆ ಎಸ್ ಒತ್ತಿತು. ಹಿಂದೆಯೇ ಕ್ಯೂ ಒತ್ತಿ ಮುಂದಿನ ಹೆಸರು ಕೇಳಿದೆ. ಪಕ್ಕದಲ್ಲಿ ಮಾಲೀಕರ ಫೋನು ಬಡಿದುಕೊಂಡಿತು. ತಂಗಿಯ ಮಗ ದಾರಿಯಲ್ಲಿನ ಚೌಡಾಪುರ ಮುಟ್ಟಿದ್ದನಂತೆ.

"ಅಲ್ಲೇ ಒಂದು ಚಾ ಕುಡಿದು ಹೊಳ್ಳಿ ಹೋಗಪ್ಪ" ಎಂದರು ಮಾಲೀಕರು. "ಇಲ್ಲಿ ಕುರ್ಚಿ ಖಾಲಿ ಇಲ್ಲ."